ವಾರಾನ್ನದಿಂದ ಬಾಲಮಂದಿರದವರೆಗೆ: ಬೆಳಗಾವಿ–ಖಾನಾಪುರ ಭಾಗದ ವಸತಿ ವ್ಯವಸ್ಥೆಯ ಪದಚರಿತ್ರೆ

ಸಂಸ್ಥೆಗಳ ಚರಿತ್ರೆಯನ್ನು ಕಡತ, ವರದಿಗಳ ಆಧಾರದಿಂದ ಕಟ್ಟುವುದು ರೂಢಿ. ಆದರೆ ಒಂದು ಸಂಸ್ಥೆಗೆ ಸಮಾಜ ಇಟ್ಟ ಹೆಸರೂ ದಾಖಲೆಯೇ ಆಗಿರುತ್ತದೆ. ಮನೆಯಿಂದ ದೂರವಿರುವ ಎಳೆಯರಿಗೆ ಅನ್ನ, ಆಸರೆ ನೀಡುವ ವ್ಯವಸ್ಥೆಯನ್ನು ಬೆಳಗಾವಿ ಭಾಗದಲ್ಲಿ ವಾರಾನ್ನ, ಬೋರ್ಡಿಂಗು, ಪ್ರಸಾದನಿಲಯ, ವಿದ್ಯಾರ್ಥಿನಿಲಯ, ಬಾಲಮಂದಿರ ಎಂಬ ಬೇರೆ ಬೇರೆ ಹೆಸರುಗಳಿಂದ ಕರೆಯಲಾಗಿದೆ. ಈ ವ್ಯವಸ್ಥೆ ಯಾರನ್ನು ಒಳಗೊಂಡಿತು, ಯಾರನ್ನು ಹೊರಗುಳಿಸಿತು ಎಂಬುದನ್ನು ಈ ಪದಗಳ ಮೂಲಕ ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ.

1. ವಾರಾನ್ನ ಮತ್ತು ಬೋರ್ಡಿಂಗು

ವಾರದ ಒಂದೊಂದು ದಿನ ಒಂದೊಂದು ಮನೆಯಲ್ಲಿ ಉಂಡು ಓದುವುದು ವಾರಾನ್ನ. ಮರಾಠಿ ಪ್ರಭಾವವಿದ್ದ ಕಡೆ ಮನೆಮನೆಯಿಂದ ಅನ್ನ ಬೇಡಿ ತರುವ ‘ಮಧುಕರಿ’ಯೂ ಇತ್ತು. ಈ ಎರಡೂ ಪದಗಳಲ್ಲಿ ಅನ್ನವಿದೆ, ಮನೆಯಿಲ್ಲ. ಜಾತಿಯ ಮಡಿ ಈ ಪದ್ಧತಿಯನ್ನು ಬಹುಮಟ್ಟಿಗೆ ಬ್ರಾಹ್ಮಣ ಹುಡುಗರಿಗೆ ಸೀಮಿತಗೊಳಿಸಿತ್ತು.

ಇದಕ್ಕೆ ಉತ್ತರವಾಗಿ ಬಂದುದು ಬೋರ್ಡಿಂಗು. ನೆರೆಯ ಕೊಲ್ಲಾಪುರದಲ್ಲಿ ಶಾಹೂ ಮಹಾರಾಜರ ಆಶ್ರಯದಲ್ಲಿ 1901ರಲ್ಲಿ ವಿಕ್ಟೋರಿಯಾ ಮರಾಠಾ ಬೋರ್ಡಿಂಗ್ ಆರಂಭವಾಯಿತು. ಅದರ ಬೆನ್ನಿಗೆ ಜೈನ, ಲಿಂಗಾಯತ ಮೊದಲಾದ ಸಮುದಾಯಗಳ ಬೋರ್ಡಿಂಗುಗಳೂ ಬಂದವು. ಅಸ್ಪೃಶ್ಯರೆನಿಸಿಕೊಂಡವರ ಮಕ್ಕಳಿಗಾಗಿ ಮಿಸ್ ಕ್ಲಾರ್ಕ್ ಬೋರ್ಡಿಂಗ್ ಹುಟ್ಟಿತು. ಬೆಳಗಾವಿಯಲ್ಲಿಯೂ ಈ ಮಾದರಿ ನೆಲೆಯೂರಿತು. ಇಲ್ಲಿ ‘ಬೋರ್ಡಿಂಗು’ ಎಂಬುದಕ್ಕಿಂತ ಅದರ ಹಿಂದೆ ಸೇರುವ ಸಮುದಾಯವಾಚಕವೇ ಮುಖ್ಯ. ಅದು ಬಾಗಿಲನ್ನು ತೆರೆಯುತ್ತಿತ್ತು, ಯಾರಿಗೆಂಬುದನ್ನೂ ಹೇಳುತ್ತಿತ್ತು.

2. ಪ್ರಸಾದನಿಲಯ

ಸಿರಸಂಗಿಯ ಲಿಂಗರಾಜ ದೇಸಾಯಿಯವರು (1861–1906) ತಮ್ಮ ಆಸ್ತಿಯನ್ನು ಸಮುದಾಯದ ಶಿಕ್ಷಣಕ್ಕೆ ಮೀಸಲಿಟ್ಟರು. 1916ರಲ್ಲಿ ಕರ್ನಾಟಕ ಲಿಂಗಾಯತ ಶಿಕ್ಷಣ ಸಂಸ್ಥೆ ಬೆಳಗಾವಿಯಲ್ಲಿ ಹುಟ್ಟಿತು. 1933ರಲ್ಲಿ ಲಿಂಗರಾಜ ಕಾಲೇಜು ಬಂದಿತು. ಕಾಲೇಜು ಬಂದರೂ ಹಳ್ಳಿಯ ಬಡ ಹುಡುಗನಿಗೆ ನಗರದಲ್ಲಿ ಊಟದ ಪ್ರಶ್ನೆ ಉಳಿದೇ ಇತ್ತು. ನಾಗನೂರು ರುದ್ರಾಕ್ಷಿಮಠದ ಶಿವಬಸವ ಸ್ವಾಮಿಗಳು 1930ರ ದಶಕದಲ್ಲಿ ಬೆಳಗಾವಿಯಲ್ಲಿ ತೆರೆದ ಉಚಿತ ಪ್ರಸಾದನಿಲಯ ಈ ಪ್ರಶ್ನೆಗೆ ಉತ್ತರವಾಯಿತು.

‘ಪ್ರಸಾದ’ ವೀರಶೈವದ ಅಷ್ಟಾವರಣಗಳಲ್ಲಿ ಒಂದು. ಪ್ರಸಾದವನ್ನು ಸ್ವೀಕರಿಸುವವನು ಭಿಕ್ಷುಕನಲ್ಲ. ನೀಡುವವನು ದಾನಿಯೂ ಅಲ್ಲ. ವಾರಾನ್ನದ ಹುಡುಗ ಏಳು ಮನೆಗಳ ಹಂಗಿನಲ್ಲಿದ್ದರೆ, ಪ್ರಸಾದನಿಲಯದ ಹುಡುಗ ಯಾವ ಮನೆಯ ಹಂಗಿಗೂ ಒಳಗಾಗಿರಲಿಲ್ಲ. ದಾಸೋಹದ ಪರಿಕಲ್ಪನೆ ಆಧುನಿಕ ಸಂಸ್ಥೆಯೊಂದಕ್ಕೆ ಒದಗಿಸಿದ ಘನತೆ ಇದು.

3. ವಿದ್ಯಾರ್ಥಿನಿಲಯ

ಘನತೆಯ ಪ್ರಶ್ನೆಯನ್ನು ಹಕ್ಕಿನ ಭಾಷೆಯಲ್ಲಿ ಕೇಳಿದವರು ಡಾ. ಬಿ. ಆರ್. ಅಂಬೇಡ್ಕರ್. ಬಹಿಷ್ಕೃತ ಹಿತಕಾರಿಣಿ ಸಭೆಯು 1925ರಲ್ಲಿ ಸೊಲ್ಲಾಪುರದಲ್ಲಿ ವಿದ್ಯಾರ್ಥಿನಿಲಯ ತೆರೆಯಿತು. ಅದೇ ವರ್ಷ ಬೆಳಗಾವಿ ಜಿಲ್ಲೆಯ ನಿಪ್ಪಾಣಿಯಲ್ಲಿ ಅವರ ಅಧ್ಯಕ್ಷತೆಯಲ್ಲಿ ಪರಿಷತ್ತು ಜರುಗಿತು. 1928ರ ದಲಿತ ವರ್ಗಗಳ ಶಿಕ್ಷಣ ಸಂಘದ ಮೂಲಕ ನಡೆದ ನಿಲಯಗಳಲ್ಲಿ ಧಾರವಾಡದ್ದೂ ಒಂದು. ಏಕೀಕರಣಾನಂತರ, ವಿಶೇಷವಾಗಿ ಹಾವನೂರು ಆಯೋಗದ ವರದಿಯ (1975) ತರುವಾಯ, ಸರ್ಕಾರಿ ನಿಲಯಗಳು ವಿಸ್ತಾರಗೊಂಡವು. ‘ಮೆಟ್ರಿಕ್ ಪೂರ್ವ’, ‘ಮೆಟ್ರಿಕ್ ನಂತರದ’ ಎಂಬ ವಿಶೇಷಣಗಳು ಬಳಕೆಗೆ ಬಂದವು. ಮಗುವನ್ನು ತರಗತಿಯಿಂದ ಅಳೆಯುವ ಕ್ರಮ ಇದು.

4. ಬಾಲಮಂದಿರ

ಮೇಲಿನ ಎಲ್ಲ ವ್ಯವಸ್ಥೆಗಳೂ ಓದುವವನಿಗಾಗಿ ಇದ್ದವು. ಓದದ ಮಗುವನ್ನು ಮೊದಲು ಗುರುತಿಸಿದ್ದು ಕಾನೂನು. ಬೆಳಗಾವಿ ಆಗ ಸೇರಿದ್ದ ಮುಂಬಯಿ ಪ್ರಾಂತದಲ್ಲಿ 1924ರಲ್ಲಿ ಮಕ್ಕಳ ಕಾಯಿದೆ ಬಂದಿತು; 1948ರಲ್ಲಿ ಹೊಸ ಕಾಯಿದೆಯಾಯಿತು. ಮೈಸೂರು ರಾಜ್ಯದ ಮಕ್ಕಳ ಕಾಯಿದೆ 1964ರದು. 1986ರ ಕೇಂದ್ರ ಕಾಯಿದೆ ‘ನಿರ್ಲಕ್ಷಿತ’, ‘ಅಪರಾಧಿ’ ಎಂದು ಬಾಲರನ್ನು ವಿಂಗಡಿಸಿತು. 2000ದ ಕಾಯಿದೆಯಲ್ಲಿ ಇವು ‘ಪಾಲನೆ ಮತ್ತು ರಕ್ಷಣೆಯ ಅಗತ್ಯವುಳ್ಳ ಮಕ್ಕಳು’, ‘ಕಾನೂನಿನೊಂದಿಗೆ ಸಂಘರ್ಷಕ್ಕೊಳಗಾದವರು’ ಎಂದು ಬದಲಾದವು. 2015ರ ಕಾಯಿದೆಯೂ ಇದೇ ವಿಂಗಡಣೆಯನ್ನು ಮುಂದುವರಿಸಿದೆ. ರಿಮಾಂಡ್ ಹೋಮಿನ ಜಾಗಕ್ಕೆ ‘ವೀಕ್ಷಣಾಲಯ’ ಬಂದಿತು. ‘ಬಾಲಮಂದಿರ’ ಎಂಬ ಹೆಸರಿನಲ್ಲಿ ವಿದ್ಯೆಯಾಗಲಿ ಜಾತಿಯಾಗಲಿ ಇಲ್ಲ, ಬಾಲ್ಯವೊಂದೇ ಅರ್ಹತೆ. ಪದಚರಿತ್ರೆಯ ದೃಷ್ಟಿಯಿಂದ ಇದು ಮಹತ್ವದ ತಿರುವು.

5. ಖಾನಾಪುರದ ಪ್ರಶ್ನೆ

ಈ ಎರಡು ಧಾರೆಗಳ ನಡುವಿನ ಬಿರುಕು ಖಾನಾಪುರದಲ್ಲಿ ಎದ್ದು ಕಾಣುತ್ತದೆ. ತಾಲ್ಲೂಕಿನ ಪಶ್ಚಿಮ ಭಾಗ ಸಹ್ಯಾದ್ರಿಯ ದಟ್ಟ ಕಾಡು. ಮಲಪ್ರಭೆಯ ಉಗಮಸ್ಥಾನವಾದ ಕಣಕುಂಬಿ ಇಲ್ಲಿದೆ. 2011ರಲ್ಲಿ ಭೀಮಗಡ ವನ್ಯಜೀವಿಧಾಮವೂ ಘೋಷಿತವಾಯಿತು. ಮಳೆಗಾಲದಲ್ಲಿ ಹಳ್ಳಗಳು ತುಂಬಿದರೆ ಕಾಡಂಚಿನ ಊರುಗಳ ದಾರಿ ಕಡಿಯುತ್ತದೆ. ಮನೆಮಾತು ಹಲವರಿಗೆ ಮರಾಠಿ. ಇಂಥ ಕಡೆ ವಿದ್ಯಾರ್ಥಿನಿಲಯ ಶಾಲೆಗೆ ಪೂರಕ ಸೌಲಭ್ಯವಲ್ಲ. ನಿಲಯವಿದ್ದರೆ ಮಾತ್ರ ಶಾಲೆ.

ಆದರೆ ನಿಲಯದ ಪ್ರವೇಶಕ್ಕೆ ಶಾಲೆಯ ದಾಖಲಾತಿಯೇ ಆಧಾರ. ಶಾಲೆ ಬಿಟ್ಟ ಹುಡುಗಿ ‘ವಿದ್ಯಾರ್ಥಿನಿ’ ಎಂಬ ಪದದೊಡನೆ ಹಾಸಿಗೆಯನ್ನೂ ಕಳೆದುಕೊಳ್ಳುತ್ತಾಳೆ. ತಂದೆತಾಯಿ ಇರುವುದರಿಂದ ಅವಳು ಅನಾಥೆಯಲ್ಲ. ದುಡಿಮೆಗೋ ಬಾಲ್ಯವಿವಾಹಕ್ಕೋ ಸಿಲುಕುವ ಅಪಾಯ ಎದುರಾದಾಗ ಮಾತ್ರ 2015ರ ಕಾಯಿದೆಯ ದೃಷ್ಟಿ ಅವಳ ಮೇಲೆ ಬೀಳುತ್ತದೆ. ಶಾಲೆ ಬಿಟ್ಟ ದಿನಕ್ಕೂ ಆ ದಿನಕ್ಕೂ ನಡುವಿನ ಅವಧಿಯಲ್ಲಿ ಅವಳಿಗೆ ಸಲ್ಲುವ ಪದವಿಲ್ಲ.

ಒಟ್ಟಿನಲ್ಲಿ, ವಾರಾನ್ನದಿಂದ ಬಾಲಮಂದಿರದವರೆಗಿನ ಪಯಣ ಹಂಗಿನಿಂದ ಹಕ್ಕಿನೆಡೆಗೆ ಸಾಗಿದೆ ಎಂಬುದು ನಿಜ. ಆದರೆ ಸಮುದಾಯ ವಿದ್ಯಾರ್ಥಿಯನ್ನು ಕಂಡಿತು, ಕಾನೂನು ಆಪತ್ತಿನಲ್ಲಿರುವ ಮಗುವನ್ನು ಕಂಡಿತು; ಇವೆರಡರ ನಡುವಿನ ಮಗು ಇನ್ನೂ ಹೆಸರಿಲ್ಲದೆ ಉಳಿದಿದೆ. ಪ್ರಸಾದನಿಲಯದ ಘನತೆ, ವಿದ್ಯಾರ್ಥಿನಿಲಯದ ಹಕ್ಕು, ಬಾಲಮಂದಿರದ ವ್ಯಾಪ್ತಿ ಈ ಮೂರೂ ಒಂದೆಡೆ ಸೇರಿದಾಗಲೇ ಆ ಮಗುವಿಗೆ ನೆಲೆ ದೊರೆಯಬಲ್ಲದು.