ಜಿಆರ್‌ಇ ಪದಗಳು: ಉರು ಹೊಡೆದರೆ ಸಾಲದು

ಅಮೆರಿಕದಲ್ಲಿ ಎಂ.ಎಸ್. ಓದಲು ಹೊರಟ ಎಂಜಿನಿಯರಿಂಗ್ ಪದವೀಧರರಿಗೆ ಜಿಆರ್‌ಇ ಪರೀಕ್ಷೆಯ ಗಣಿತ ಅಷ್ಟಾಗಿ ಕಾಡುವುದಿಲ್ಲ. ಕಾಡುವುದು ಇಂಗ್ಲಿಷ್ ಪದಗಳು. ದಪ್ಪ ಪದಪಟ್ಟಿ ಹಿಡಿದು 'ಎ'ಯಿಂದ ಉರು ಹೊಡೆಯಲು ಕೂತವರಿಗೆ 'ಡಿ' ಮುಗಿಯುವಷ್ಟರಲ್ಲಿ 'ಎ' ಮರೆತುಹೋಗಿರುತ್ತದೆ.

ಪರೀಕ್ಷೆ ಕೇಳುವುದೂ ಪಟ್ಟಿಯನ್ನಲ್ಲ. ಬಿಡಿ ಪದ ಕೊಟ್ಟು ವಿರುದ್ಧಾರ್ಥ ಕೇಳುವ ಪ್ರಶ್ನೆಗಳನ್ನು 2011ರಲ್ಲೇ ಕೈಬಿಡಲಾಗಿದೆ. ಈಗ ವರ್ಬಲ್ ವಿಭಾಗದಲ್ಲಿ 41 ನಿಮಿಷಕ್ಕೆ 27 ಪ್ರಶ್ನೆಗಳು. ಒಂದು ಬಗೆಯ ಪ್ರಶ್ನೆಯಲ್ಲಿ ವಾಕ್ಯದ ಬಿಟ್ಟ ಸ್ಥಳಕ್ಕೆ ಆರು ಪದಗಳ ಪೈಕಿ ಒಂದೇ ಅರ್ಥ ಕೊಡುವ ಎರಡನ್ನು ಆರಿಸಬೇಕು. ಒಂದು ತಪ್ಪಿದರೂ ಅಂಕವಿಲ್ಲ.

ಆದ್ದರಿಂದ ಮೊದಲ ಕೆಲಸ, ಅಕ್ಷರ ಕ್ರಮ ಬಿಟ್ಟು ಅರ್ಥದ ಪ್ರಕಾರ ಗುಂಪು ಮಾಡುವುದು. ಮಿತಭಾಷಿಗೆ 'ಲ್ಯಾಕೊನಿಕ್', 'ಟ್ಯಾಸಿಟರ್ನ್', 'ರೆಟಿಸೆಂಟ್'; ಬಾಯಿಬಡುಕನಿಗೆ 'ಲೊಕ್ವೇಷಸ್', 'ಗ್ಯಾರುಲಸ್'. ಪದದ ಹಿಂದೆ ಕಥೆಯಿದ್ದರೆ ಇನ್ನೂ ಒಳ್ಳೆಯದು. ಲ್ಯಾಕೋನಿಯಾ ಎಂಬುದು ಗ್ರೀಸ್‌ನಲ್ಲಿ ಸ್ಪಾರ್ಟಾ ಇದ್ದ ಸೀಮೆ. ಅಲ್ಲಿಯವರು ಅಳೆದು ತೂಗಿ ಮಾತಾಡುವವರೆಂದು ಹೆಸರಾಗಿದ್ದರು. ಇದು ಗೊತ್ತಾದ ಮೇಲೆ 'ಲ್ಯಾಕೊನಿಕ್' ಮರೆಯುವುದೇ ಕಷ್ಟ.

ದಿನಕ್ಕೆ ಹತ್ತು ಹೊಸ ಪದ ಸಾಕು.

ಎರಡನೆಯ ಕೆಲಸ, ಪ್ರತಿ ಪದಕ್ಕೊಂದು ಕಾರ್ಡು ಮಾಡುವುದು. ಮುಂಬದಿಗೆ ಆ ಪದದ ಜಾಗ ಖಾಲಿ ಬಿಟ್ಟ ಒಂದು ಇಂಗ್ಲಿಷ್ ವಾಕ್ಯ, ಹಿಂಬದಿಗೆ ಪದ ಮತ್ತು ಅದರ ಕನ್ನಡ ಅರ್ಥ. ಹಿಂಬದಿ ನೋಡುವ ಮೊದಲು ಉತ್ತರವನ್ನು ಬಾಯಿಬಿಟ್ಟು ಹೇಳಬೇಕು. ಮತ್ತೆ ಮತ್ತೆ ಓದಿದ್ದಕ್ಕಿಂತ ನೆನಪಿನಿಂದ ಹೊರತೆಗೆದದ್ದೇ ಹೆಚ್ಚು ದಿನ ಉಳಿಯುತ್ತದೆಂದು ಮನಶ್ಶಾಸ್ತ್ರದ ಪ್ರಯೋಗಗಳು ತೋರಿಸಿವೆ.

ಕಾರ್ಡುಗಳನ್ನು ಮತ್ತೆ ನೋಡಲು ಸೆಬಾಸ್ಟಿಯನ್ ಲೈಟ್ನರ್ ಎಂಬ ಲೇಖಕ 1972ರಲ್ಲಿ ಪ್ರಚಾರಕ್ಕೆ ತಂದ ಖಾನೆಗಳ ಪೆಟ್ಟಿಗೆ ಇಂದಿಗೂ ಉಪಯುಕ್ತ. ಮೊದಲ ಖಾನೆಯದನ್ನು ದಿನವೂ, ಎರಡನೆಯದನ್ನು ಮೂರು ದಿನಕ್ಕೊಮ್ಮೆ, ಮೂರನೆಯದನ್ನು ವಾರಕ್ಕೊಮ್ಮೆ ನೋಡಿದರಾಯಿತು. ಸರಿ ಹೇಳಿದ ಕಾರ್ಡು ಮುಂದಿನ ಖಾನೆಗೆ. ತಪ್ಪಿದ್ದು, ಎಷ್ಟೇ ಮುಂದಿದ್ದರೂ, ಮೊದಲ ಖಾನೆಗೆ ವಾಪಸ್. ಶೂ ಡಬ್ಬಿಯಲ್ಲೂ ಇದು ನಡೆಯುತ್ತದೆ. ಲೆಕ್ಕ ಇಡುವ ತಾಪತ್ರಯ ಬೇಡವೆನ್ನುವವರಿಗೆ 'ಆಂಕಿ' ಎಂಬ ಆ್ಯಪ್ ಇದೆ. ಕಂಪ್ಯೂಟರ್, ಆಂಡ್ರಾಯ್ಡ್ ಎರಡರಲ್ಲೂ ಉಚಿತ.

ಅಪರಿಚಿತ ಪದಗಳಿಗಿಂತ ಪರಿಚಿತ ಪದಗಳೇ ಹೆಚ್ಚು ಮೋಸ ಮಾಡುತ್ತವೆ. 'ಕ್ವಾಲಿಫೈ' ಎಂದರೆ ಅರ್ಹತೆ ಪಡೆಯುವುದು ಮಾತ್ರವಲ್ಲ, ಹೇಳಿಕೆಗೆ ಮಿತಿ ಹಾಕುವುದೂ ಹೌದು. 'ಟೆಂಪರ್' ಹದಗೊಳಿಸುವುದು, 'ಫ್ಲ್ಯಾಗ್' ಸೊರಗುವುದು. ಇವಕ್ಕೆ ಬೇರೆಯೇ ಕಾರ್ಡು ಮಾಡಿಕೊಳ್ಳುವುದು ಜಾಣತನ.

ಪರೀಕ್ಷೆ ನಡೆಸುವ ಇಟಿಎಸ್ ಸಂಸ್ಥೆಯ ಜಾಲತಾಣದಲ್ಲಿ ಉಚಿತ ಮಾದರಿ ಪರೀಕ್ಷೆಗಳಿವೆ. ಒಂದನ್ನು ತಯಾರಿಯ ಆರಂಭದಲ್ಲೇ ಬರೆದು, ಇನ್ನೊಂದನ್ನು ಕೊನೆಯ ವಾರಕ್ಕೆ ಉಳಿಸಿಕೊಳ್ಳಿ. ಅದಕ್ಕೂ ಮೊದಲು, ಅರ್ಜಿ ಹಾಕಲಿರುವ ವಿಭಾಗ ಜಿಆರ್‌ಇ ಅಂಕ ಕೇಳುತ್ತದೆಯೇ ಎಂದು ನೋಡಿಕೊಳ್ಳಿ. ಹಲವು ವಿಶ್ವವಿದ್ಯಾಲಯಗಳು ಈಗ ಅದನ್ನು ಕಡ್ಡಾಯ ಮಾಡಿಲ್ಲ.