ಪುಣೆಯಿಂದ ಬೆಳಗಾವಿಗೆ ಸೈಕಲ್ ಸವಾರಿ: ದಾರಿಗೆ ಕಲ್ಲು, ಚೀಟಿ, ಫೋನು

ಪುಣೆಯಲ್ಲಿ ನೆಲೆಸಿರುವ ಕನ್ನಡಿಗರಿಗೆ ಊರಿನ ದಾರಿಯೆಂದರೆ ರಾಷ್ಟ್ರೀಯ ಹೆದ್ದಾರಿ 48. ರಾತ್ರಿ ಬಸ್ಸಿನ ನಿದ್ದೆಯಲ್ಲಿ ದಾಟಿಬಿಡುವ ಈ ಹಾದಿಯನ್ನು ಒಮ್ಮೆಯಾದರೂ ಸೈಕಲ್ ತುಳಿದು ನೋಡಬೇಕೆಂಬ ಆಸೆ ಹಲವರಿಗಿದೆ. ಬೆಳಗಾವಿ ಸುಮಾರು 340 ಕಿ.ಮೀ. ದೂರ. ಸಾತಾರಾದಲ್ಲೊಂದು, ಕೊಲ್ಹಾಪುರದಲ್ಲೊಂದು ರಾತ್ರಿ ತಂಗಿದರೆ ಮೂರು ದಿನದ ಸವಾರಿ. ಗೇರು, ಟೈರು, ಊಟದ ಬಗ್ಗೆ ಸಲಹೆ ಕೊಡುವವರು ಬೇಕಾದಷ್ಟು ಮಂದಿ ಸಿಗುತ್ತಾರೆ. ದಾರಿ ಹಿಡಿಯುವ ಬಗೆ ಹೇಳುವವರು ಕಡಿಮೆ.

ಬ್ರಿಟನ್ನಿನಲ್ಲಿ ಸೈಕಲ್ ಮಾರ್ಗಗಳಿಗೇ ಪ್ರತ್ಯೇಕ ಸಂಖ್ಯೆಗಳಿವೆ. ಬೆಲ್ಜಿಯಂನ ಲಿಂಬರ್ಗ್ ಪ್ರಾಂತ್ಯದಲ್ಲಿ 1995ರಲ್ಲಿ ಪ್ರತಿ ಕೂಡುರಸ್ತೆಗೂ ಒಂದೊಂದು ನಂಬರ್ ಕೊಟ್ಟರು. ನಾಲ್ಕಾರು ಅಂಕಿಗಳನ್ನು ಬರೆದುಕೊಂಡು ಹೊರಟರೆ ಸಾಕು, ಫಲಕಗಳೇ ಕರೆದೊಯ್ಯುತ್ತವೆ. ನಮ್ಮಲ್ಲಿ ದೂರದೂರಿಗೆ ಹೋಗುವ ಸೈಕಲ್ ಸವಾರನಿಗೆ ಅಂಥ ವ್ಯವಸ್ಥೆ ಇಲ್ಲ. ಇರುವ ಫಲಕಗಳೆಲ್ಲ ಮೋಟಾರು ವಾಹನಗಳಿಗಾಗಿ ಹಾಕಿದವು. ಹಾಗಾಗಿ ರಸ್ತೆಬದಿಯ ಕಲ್ಲು, ಕೈಯಲ್ಲಿನ ಚೀಟಿ, ಜೇಬಿನ ಫೋನು ಈ ಮೂರನ್ನೂ ಹೊಂದಿಸಿಕೊಳ್ಳಬೇಕು. ನನ್ನ ಅಭಿಪ್ರಾಯ ಖಚಿತ: ದಾರಿಯನ್ನು ಮನೆಯಲ್ಲೇ ಕೂತು ತೀರ್ಮಾನಿಸಬೇಕು. ರಸ್ತೆಯ ಮೇಲೆ ಅದನ್ನು ತಾಳೆ ನೋಡುವ ಕೆಲಸವಷ್ಟೇ ಉಳಿದಿರಬೇಕು. ದಣಿದ ಮೈ, ಬಿಸಿಲೇರಿದ ತಲೆ ಒಳ್ಳೆಯ ತೀರ್ಮಾನ ಮಾಡುವುದಿಲ್ಲ.

ಮೊದಲು ಸಂಖ್ಯೆ ಓದಲು ಕಲಿಯಿರಿ

ರಾಷ್ಟ್ರೀಯ ಹೆದ್ದಾರಿಗಳಿಗೆ 2010ರಲ್ಲಿ ಹೊಸ ಸಂಖ್ಯೆಗಳು ಬಂದವು. ಉತ್ತರ–ದಕ್ಷಿಣವಾಗಿ ಸಾಗುವ ಮುಖ್ಯ ಹೆದ್ದಾರಿಗೆ ಸಮಸಂಖ್ಯೆ, ಪೂರ್ವ–ಪಶ್ಚಿಮವಾಗಿ ಸಾಗುವುದಕ್ಕೆ ಬೆಸಸಂಖ್ಯೆ. ನಮ್ಮದು 48, ದಕ್ಷಿಣಕ್ಕೆ ಇಳಿಯುತ್ತದೆ. ಪುಣೆಯಿಂದಲೇ ಹೊರಡುವ 65 ಸೊಲ್ಲಾಪುರ, ಹೈದರಾಬಾದ್ ದಾಟಿ ಪೂರ್ವ ಕರಾವಳಿಯ ಮಚಲೀಪಟ್ಟಣಕ್ಕೆ ಹೋಗುತ್ತದೆ. ಮೂರಂಕಿಯ ಸಂಖ್ಯೆ ಕಂಡರೆ ಅದು ಕವಲು. ಕೊನೆಯ ಎರಡು ಅಂಕಿ ತಾಯಿ ಹೆದ್ದಾರಿಯವು. ಕೊಲ್ಹಾಪುರದಲ್ಲಿ ಎದುರಾಗುವ 166 ಕರಾವಳಿಯ 66ರ ಕವಲು. ಬೆಳಗಾವಿಯಿಂದ ಗೋವಾ ಕಡೆಗೆ ಹೊರಳುವ 748 ನಮ್ಮ 48ರದೇ ಕವಲು.

ಹಳೆಯ ಸಂಖ್ಯೆ ಎನ್ಎಚ್ 4 ಜನರ ಬಾಯಲ್ಲೂ ಅಂಗಡಿ ಬೋರ್ಡುಗಳಲ್ಲೂ ಇನ್ನೂ ಉಳಿದಿದೆ. ಕೆಲವೆಡೆ ಎಎಚ್ 47 ಎಂಬ ಫಲಕವೂ ಕಾಣುತ್ತದೆ, ಅದು ಏಷ್ಯನ್ ಹೆದ್ದಾರಿಯ ಸಂಖ್ಯೆ. ಮೂರೂ ಒಂದೇ ರಸ್ತೆ, ಗಾಬರಿ ಬೇಡ. ಇನ್ನು ಊರೊಳಗೆ ಬಂದರೆ ಇದೇ ದಾರಿ ಪಿ.ಬಿ. ರೋಡ್, ಅಂದರೆ ಪುಣೆ–ಬೆಂಗಳೂರು ರಸ್ತೆ. ಇಂದಿನ 48 ಎಷ್ಟೋ ಊರುಗಳನ್ನು ಬೈಪಾಸ್‌ನಲ್ಲಿ ಸುತ್ತಿ ಹೋಗುತ್ತದೆ; ಪಂಕ್ಚರ್ ಅಂಗಡಿ, ಖಾನಾವಳಿ, ಔಷಧಿ ಅಂಗಡಿ ಹೆಚ್ಚಾಗಿ ಇರುವುದು ಊರೊಳಗಿನ ಹಳೆ ರಸ್ತೆಯ ಮೇಲೆ. ಎಲ್ಲಿ ಒಳಹೋಗಬೇಕು, ಎಲ್ಲಿ ಬೈಪಾಸ್ ಹಿಡಿಯಬೇಕು ಎಂಬುದನ್ನು ಮೊದಲೇ ಗುರುತಿಸಿಕೊಳ್ಳಿ.

ಮೈಲಿಗಲ್ಲಿನ ತಲೆಯ ಬಣ್ಣವೂ ಮಾತಾಡುತ್ತದೆ. ಹಳದಿ ಇದ್ದರೆ ರಾಷ್ಟ್ರೀಯ ಹೆದ್ದಾರಿ, ಹಸಿರಿದ್ದರೆ ರಾಜ್ಯ ಹೆದ್ದಾರಿ, ಕಪ್ಪು ಅಥವಾ ನೀಲಿ ಇದ್ದರೆ ಜಿಲ್ಲಾ ರಸ್ತೆ, ಕೇಸರಿ ಇದ್ದರೆ ಗ್ರಾಮ ಸಡಕ್. ಹಳದಿ ಕಲ್ಲುಗಳ ನಡುವೆ ಸಾಗುತ್ತಿದ್ದವರಿಗೆ ಇದ್ದಕ್ಕಿದ್ದಂತೆ ಹಸಿರು ಕಂಡರೆ ಎಲ್ಲೋ ತಿರುವು ತಪ್ಪಿದೆ ಎಂದೇ ಅರ್ಥ.

ಪುಣೆ ಬಿಡುವ ದಾರಿ

ದಾರಿ ತಪ್ಪುವುದು ಹೆಚ್ಚಾಗಿ ಊರು ಬಿಡುವಾಗ, ಇನ್ನೊಂದು ಊರು ಹೊಗುವಾಗ. ಸ್ವಾರಗೇಟ್‌ನಿಂದ ಹೊರಟವರಿಗೆ ಕಾತ್ರಜ್ ಚೌಕದ ಹತ್ತಿರ ಎರಡು ದಾರಿ. ಬೈಪಾಸ್‌ಗೆ ಹತ್ತಿದರೆ ಹೊಸ ಸುರಂಗ, ಭಾರೀ ಲಾರಿಗಳ ಸಾಲು. ನೇರ ಹಳೆ ಘಾಟ್ ಏರಿದರೆ ಹಳೆ ಸುರಂಗ. ಅದನ್ನು ದಾಟಿ ಇಳಿದರೆ ಶಿಂದೇವಾಡಿಯ ಬಳಿ ಹೆದ್ದಾರಿ ಸಿಗುತ್ತದೆ. ಏರು ಹೆಚ್ಚಾದರೂ ಸೈಕಲ್‌ಗೆ ಹಳೆ ಘಾಟೇ ಸರಿ. ಸುರಂಗ ಹೊಗುವ ಮೊದಲು, ಹಗಲಾದರೂ, ಹಿಂದಿನ ಕೆಂಪು ದೀಪ ಹಚ್ಚಿಕೊಳ್ಳಿ.

ಶಿರವಳದ ನಂತರ ಖಂಬಾಟಕಿ ಘಾಟ್. ಅಲ್ಲಿನ ಹಳೆಯ ಸುರಂಗ ಸಾತಾರಾದಿಂದ ಪುಣೆಗೆ ಬರುವವರಿಗಾಗಿ ಮಾಡಿದ್ದು; ಪುಣೆಯಿಂದ ಹೋಗುವವರು ಘಾಟ್ ಹತ್ತಬೇಕು. ಹೊಸ ಜೋಡಿ ಸುರಂಗದ ಕಾಮಗಾರಿಯಿಂದ ಇಲ್ಲಿನ ಸಂಚಾರ ವ್ಯವಸ್ಥೆ ಬದಲಾಗುವುದುಂಟು, ಹೊರಡುವ ಹಿಂದಿನ ದಿನ ವಿಚಾರಿಸಿಕೊಳ್ಳಿ. ಹೆದ್ದಾರಿಯ ಗದ್ದಲ ಬೇಡವೆನ್ನುವವರಿಗೆ ಪೂರ್ವದ ಹಾದಿಯಿದೆ: ದಿವೆ ಘಾಟ್, ಸಾಸವಡ, ಜೇಜುರಿ, ನೀರಾ, ಲೋಣಂದ್, ಅಲ್ಲಿಂದ ಸಾತಾರಾ. ಲೋಣಂದ್‌ವರೆಗೆ ಇದು ಎನ್ಎಚ್ 965, ಜ್ಞಾನೇಶ್ವರ ಮಹಾರಾಜರ ಪಾಲಖಿ ಪಂಢರಪುರಕ್ಕೆ ಸಾಗುವ ದಾರಿ. ಆಷಾಢದ ವಾರಿಯ ದಿನಗಳಲ್ಲಿ ಇತ್ತ ಸೈಕಲ್ ತಿರುಗಿಸಬೇಡಿ, ರಸ್ತೆ ವಾರಕರಿಗಳದ್ದು.

ಕೆಂಪು ವೃತ್ತದೊಳಗೆ ಸೈಕಲ್ ಚಿತ್ರವಿದ್ದರೆ ಅಲ್ಲಿ ಸೈಕಲ್‌ಗೆ ಪ್ರವೇಶವಿಲ್ಲ. ಪುಣೆ–ಮುಂಬೈ ಎಕ್ಸ್‌ಪ್ರೆಸ್‌ವೇ ಅಂಥದ್ದು. ಮುಂಬೈ ಕಡೆ ಹೊರಟವರು ಲೋಣಾವಳ, ಖಂಡಾಳದ ಹಳೆ ಹೆದ್ದಾರಿಯನ್ನೇ ಹಿಡಿಯಬೇಕು.

ಚೀಟಿ ಬರೆಯುವ ಕ್ರಮ

ಬ್ರೆವೆ ಓಡಿಸುವವರು, ಅಂದರೆ 200 ಕಿ.ಮೀ.ಯನ್ನು ಹದಿಮೂರೂವರೆ ಗಂಟೆಯಲ್ಲಿ, 600 ಕಿ.ಮೀ.ಯನ್ನು 40 ಗಂಟೆಯಲ್ಲಿ ಮುಗಿಸುವ ದೂರಸವಾರರು, ಕ್ಯೂ ಶೀಟ್ ಎಂಬ ಪಟ್ಟಿ ಇಟ್ಟುಕೊಳ್ಳುತ್ತಾರೆ. ಅದನ್ನು ನಾವೂ ಮಾಡಿಕೊಳ್ಳಬಹುದು. ಒಂದು ದಿನಕ್ಕೆ ಒಂದೇ ಚೀಟಿ, ದಪ್ಪ ಅಕ್ಷರ, ಪ್ರತಿ ಸಾಲಿನಲ್ಲಿ ಮೂರೇ ಸಂಗತಿ: ಹೊರಟಲ್ಲಿಂದ ಎಷ್ಟು ಕಿ.ಮೀ., ಏನು ಕಾಣುತ್ತದೆ, ಏನು ಮಾಡಬೇಕು. ‘ಕಾತ್ರಜ್ ಚೌಕ — ಬೈಪಾಸ್ ಬೇಡ, ನೇರ ಘಾಟ್.’ ‘ಶಿರವಳ, ನೀರಾ ಸೇತುವೆ — ನೀರು ತುಂಬಿಸು, ಮುಂದೆ ಏರು.’ ಇಷ್ಟು ಸಾಕು. ಸೈಕಲ್ ಮೀಟರಿನ ಅಂಕಿಗೂ ಚೀಟಿಯ ಅಂಕಿಗೂ ಎರಡು ಕಿ.ಮೀ. ವ್ಯತ್ಯಾಸ ಬಂದರೆ ನಿಂತು ನೋಡಿ. ಪ್ಲಾಸ್ಟಿಕ್ ಕವರಿನಲ್ಲಿಟ್ಟು ಹ್ಯಾಂಡಲ್‌ಗೆ ಕಟ್ಟಿ.

ಗುರುತಿಗೆ ಅಂಗಡಿ, ಹೋಟೆಲ್ ಬರೆಯಬೇಡಿ, ಅವು ಬದಲಾಗುತ್ತವೆ. ಟೋಲ್ ನಾಕಾ ಬರೆಯಿರಿ: ಖೇಡ್ ಶಿವಾಪುರ, ಆನೇವಾಡಿ, ತಾಸವಡೆ, ಕಿಣಿ, ಕೊಗನೊಳ್ಳಿ, ಹತ್ತರಗಿ. ಅಲ್ಲಿ ಬೆಳಕಿರುತ್ತದೆ, ಜನರಿರುತ್ತಾರೆ.

ಅದಕ್ಕಿಂತ ಒಳ್ಳೆಯ ಗುರುತು ನದಿಗಳು. ಶಿರವಳದಲ್ಲಿ ನೀರಾ, ಭುಯಿಂಜ್ ಬಳಿ ಕೃಷ್ಣಾ, ಕರಾಡದಲ್ಲಿ ಕೊಯ್ನಾ, ಆಮೇಲೆ ವಾರಣಾ, ಕೊಲ್ಹಾಪುರದ ಬಾಗಿಲಲ್ಲಿ ಪಂಚಗಂಗಾ, ಕಾಗಲ್‌ನಲ್ಲಿ ದೂಧಗಂಗಾ, ಯಮಗರ್ಣಿಯಲ್ಲಿ ವೇದಗಂಗಾ, ಸಂಕೇಶ್ವರದಲ್ಲಿ ಹಿರಣ್ಯಕೇಶಿ, ಕೊನೆಗೆ ಘಟಪ್ರಭಾ. ಎಲ್ಲವೂ ಸಹ್ಯಾದ್ರಿಯಿಂದ ಇಳಿದು ಬರುವವು. ದಕ್ಷಿಣಕ್ಕೆ ಮುಖಮಾಡಿ ಸೇತುವೆಯ ಮೇಲೆ ನಿಂತರೆ ನೀರು ನಿಮ್ಮ ಬಲದಿಂದ ಎಡಕ್ಕೆ ಹರಿಯಬೇಕು. ಬ್ಯಾಟರಿ ಸತ್ತರೂ ಈ ದಿಕ್ಸೂಚಿ ಸಾಯುವುದಿಲ್ಲ. ಮಳೆಗಾಲದಲ್ಲಿ ಮಾತ್ರ ಇದೇ ನದಿಗಳು ದಾರಿ ಕಟ್ಟುತ್ತವೆ. 2019ರ ಆಗಸ್ಟ್‌ನಲ್ಲಿ ಪಂಚಗಂಗೆ ಉಕ್ಕಿ ಶಿರೋಲಿಯ ಬಳಿ ಹೆದ್ದಾರಿಯೇ ದಿನಗಟ್ಟಲೆ ಮುಳುಗಿತ್ತು.

ಫೋನಿನ ಕೆಲಸ

ಜಿಪಿಎಸ್‌ಗೆ ಇಂಟರ್ನೆಟ್ ಬೇಡ. ನಕ್ಷೆಗೆ ಬೇಕು, ಅದನ್ನು ಮನೆಯಲ್ಲೇ ಇಳಿಸಿಕೊಳ್ಳಬಹುದು. ಗೂಗಲ್ ಮ್ಯಾಪ್ಸ್‌ನಲ್ಲಿ ಇಳಿಸಿಕೊಂಡ ನಕ್ಷೆ ನೆಟ್ ಇಲ್ಲದಾಗ ಕಾರಿನ ದಾರಿಯನ್ನಷ್ಟೇ ಹೇಳುತ್ತದೆ. ಸೈಕಲ್‌ಗೆ ಓಪನ್ ಸ್ಟ್ರೀಟ್ ಮ್ಯಾಪ್ ಆಧರಿಸಿದ ಆರ್ಗ್ಯಾನಿಕ್ ಮ್ಯಾಪ್ಸ್ ಅಥವಾ ಓಸ್ಮ್ಯಾಂಡ್ ಹಾಕಿಕೊಳ್ಳಿ, ಏರಿಳಿತವನ್ನೂ ತೋರಿಸುತ್ತವೆ. ದಾರಿಯನ್ನು ಜಿಪಿಎಕ್ಸ್ ಫೈಲ್ ಮಾಡಿ ಅದರಲ್ಲಿ ಸೇರಿಸಿ. ಒಂದು ಎಚ್ಚರಿಕೆ: ಈ ಆ್ಯಪ್‌ಗಳು ಹತ್ತಿರದ ದಾರಿಯೆಂದು ಹೊಲದ ಕಚ್ಚಾ ರಸ್ತೆಗೂ ಇಳಿಸುತ್ತವೆ. ಮಳೆ ಬಿದ್ದ ಎರೆಮಣ್ಣು ಚಕ್ರಕ್ಕೆ ಮೆತ್ತಿದರೆ ಸೈಕಲ್ ಹೊರುವುದೊಂದೇ ಗತಿ. ಹೆದ್ದಾರಿ ಬಿಟ್ಟು ಹೋಗುವ ಪ್ರತಿ ತುಂಡನ್ನೂ ಉಪಗ್ರಹ ಚಿತ್ರದಲ್ಲಿ ಮೊದಲೇ ನೋಡಿಡಿ.

ಫ್ಲೈಓವರ್ ಮೇಲೆ ಹೋಗಬೇಕೋ ಕೆಳಗಿನ ಸರ್ವಿಸ್ ರಸ್ತೆಯೋ ಎಂಬುದನ್ನು ಫೋನಿನ ದನಿ ಸರಿಯಾಗಿ ಹೇಳುವುದೆಂದು ನಂಬಬೇಡಿ. ತಂಗುವ, ತಿನ್ನುವ ಊರು ಬಂದರೆ ಕೆಳಗೆ ಇಳಿಯಿರಿ, ಇಲ್ಲವಾದರೆ ಫಲಕದಲ್ಲಿ ಮುಂದಿನ ದೊಡ್ಡ ಊರಿನ ಹೆಸರು ನೋಡಿ ನಡೆಯಿರಿ. ದಾರಿಯುದ್ದಕ್ಕೂ ಫೋನನ್ನು ಫ್ಲೈಟ್ ಮೋಡ್‌ನಲ್ಲಿಟ್ಟು, ತಿರುವಿನ ಹತ್ತಿರ ಮಾತ್ರ ಪರದೆ ತೆರೆದರೆ ಚಾರ್ಜ್ ಸಂಜೆಯವರೆಗೂ ಬರುತ್ತದೆ. ಮನೆಯವರಿಗೆ ಲೈವ್ ಲೊಕೇಶನ್‌ಗಿಂತ, ನಿಂತಾಗಲೆಲ್ಲ ಎದುರಿನ ಕಿಲೋಮೀಟರ್ ಕಲ್ಲಿನ ಫೋಟೋ ಕಳಿಸಿ.

ಕೇಳುವುದಕ್ಕೆ ಸಂಕೋಚ ಬೇಡ

‘ಇದು ಸಾತಾರಾಕ್ಕೆ ಹೋಗುತ್ತದಾ?’ ಎಂದು ಕೇಳಿದರೆ ಸೌಜನ್ಯಕ್ಕೆ ಹೌದೆಂದುಬಿಡುವವರೇ ಹೆಚ್ಚು. ‘ಹಾ ರಸ್ತಾ ಕುಠೆ ಜಾತೋ?’ ಎಂದು ಕೇಳಿ, ಊರಿನ ಹೆಸರು ಅವರ ಬಾಯಿಂದಲೇ ಬರಲಿ. ‘ಪುಢೆ ಚಢ್ ಆಹೆ ಕಾ?’ ಎಂದರೆ ಮುಂದೆ ಏರು ಇದೆಯೇ ಎಂಬುದೂ ಗೊತ್ತಾಗುತ್ತದೆ. ಮಹಾರಾಷ್ಟ್ರದ ಫಲಕಗಳಲ್ಲಿ ಬೆಳಗಾವಿ ಬೆಳಗಾವ್ ಆಗಿಯೇ ಇರುತ್ತದೆ.

ಅಪಘಾತವಾದರೆ 112, ಹೆದ್ದಾರಿಯ ನೆರವಿಗೆ 1033. ಕರೆ ಮಾಡುವಾಗ ಹತ್ತಿರದ ಕಲ್ಲಿನ ಮೇಲಿನ ಸಂಖ್ಯೆ ಮತ್ತು ಯಾವ ಊರಿನ ಕಡೆ ಮುಖಮಾಡಿದ್ದೀರಿ ಎಂಬುದನ್ನು ಹೇಳಿ. ಕಬ್ಬು ನುರಿಸುವ ಹಂಗಾಮಿನಲ್ಲಿ ಕರಾಡದಿಂದ ಸಂಕೇಶ್ವರದವರೆಗೆ ಜೋಡಿ ಟ್ರೇಲರ್ ಎಳೆಯುವ ಟ್ರ್ಯಾಕ್ಟರ್‌ಗಳು ಹಿಂದೆ ದೀಪವಿಲ್ಲದೆ ಸಾಗುತ್ತವೆ. ಕತ್ತಲಾಗುವ ಮೊದಲೇ ತಂಗುವ ಊರು ಸೇರುವಂತೆ ದಿನದ ಲೆಕ್ಕ ಹಾಕಿಕೊಳ್ಳಿ.

ಕೊಗನೊಳ್ಳಿ ದಾಟಿದ ಮೇಲೆ ಕನ್ನಡ ಫಲಕಗಳು ಶುರು. ನಿಪ್ಪಾಣಿ, ಸಂಕೇಶ್ವರ, ಹತ್ತರಗಿ, ನಂತರ ವಂಟಮುರಿಯ ಏರು, ಕಿತ್ತೂರು ಚೆನ್ನಮ್ಮನ ತವರು ಕಾಕತಿ. ಅಲ್ಲಿಂದ ಮುಂದೆ 48 ಊರಿನ ಅಂಚಿನಲ್ಲೇ ಧಾರವಾಡದ ಕಡೆ ಸಾಗುತ್ತದೆ. ಬೆಳಗಾವಿಯಲ್ಲಿ ಉಳಿಯುವವರು ಸರ್ವಿಸ್ ರಸ್ತೆಗೆ ಇಳಿದು ಕೋಟೆ ಕೆರೆಯ ಪಕ್ಕದ ಅಶೋಕ ವೃತ್ತಕ್ಕೆ ಬರಬೇಕು. ಕೇಂದ್ರ ಬಸ್ ನಿಲ್ದಾಣ ಅಲ್ಲಿಂದ ಹತ್ತಿರ.