ತಲಪರಿಗೆ ನೋಡಿಕೊಂಡು ವಿಮಾನ ಹತ್ತು

ವಳ್ಳೂರು, ಪಾವಗಡ ತಾಲ್ಲೂಕು

ಪ್ರೀತಿಯ ಮಗಳೇ,

ಡೆನ್ಮಾರ್ಕಿಗೆ ಹೊರಡುವ ಮುಂಚೆ ಒಂದು ದಿನ ಬಿಡುವು ಮಾಡಿಕೊಂಡು ತಲಪರಿಗೆ ನೋಡಿಕೊಂಡು ಬಾ. ನಮ್ಮ ಪಾವಗಡದಲ್ಲೇ ಆಗಲಿ, ಮಧುಗಿರಿ, ಕೊರಟಗೆರೆ, ಶಿರಾ ಕಡೆಯೇ ಆಗಲಿ, ಇನ್ನೂ ನೀರು ಜಿನುಗುವ ತಲಪರಿಗೆಗಳು ಅಲ್ಲೊಂದು ಇಲ್ಲೊಂದು ಉಳಿದಿವೆ. ನಿಮ್ಮಪ್ಪನನ್ನು ಕೇಳಿದರೆ ದಾರಿ ಹೇಳುತ್ತಾನೆ. ಗಾಳಿ ಬಿಸಿಲಿನಿಂದ ಕರೆಂಟು ತೆಗೆಯುವ ವಿದ್ಯೆ ಕಲಿಯಲು ಆರ್ಹುಸ್‌ಗೆ ಹೊರಟವಳಿಗೆ ಮರಳಿನ ಗುಂಡಿಯಲ್ಲಿ ನಿಂತ ನೀರಿನಿಂದ ಏನಾಗಬೇಕು ಎಂದು ನೀನು ಕೇಳಬಹುದು. ಅದನ್ನು ಹೇಳುವುದಕ್ಕೇ ಈ ಕಾಗದ. ನಿನ್ನ ಹೆಸರಿಗೆ ಬರೆದರೂ ಇದನ್ನು ಪತ್ರಿಕೆಗೆ ಕೊಡುತ್ತಿದ್ದೇನೆ. ನಮ್ಮ ಸೀಮೆಯಿಂದ ಹೊರದೇಶಕ್ಕೆ ಹೊರಟ ಮಕ್ಕಳು ಈಗ ನೀನೊಬ್ಬಳೇ ಅಲ್ಲ.

ನಾನು ದೇಶ ಸುತ್ತಿದ್ದು ಊರು ನೋಡುವುದಕ್ಕೆಂದು ಅಲ್ಲ, ಪಂಪು ಕೂರಿಸುವುದಕ್ಕೆ. ಕಂಪನಿ ಕಳಿಸಿದ ಕಡೆಗೆ ಹೋದೆ, ಕೆಲಸ ಮುಗಿದ ಮೇಲೆ ಬಂದೆ. ಹಾಗಾಗಿ ನಾನು ಮೊದಲು ಕಂಡದ್ದು ಹೊಲ, ಬಾವಿ, ಕಾಲುವೆ, ಅಲ್ಲಿ ಬೆವರು ಸುರಿಸುತ್ತಿದ್ದ ಜನ. ದೊಡ್ಡ ಕಟ್ಟಡಗಳನ್ನೂ ನೋಡಿದ್ದೇನೆ. ಅವು ನೆನಪಿನಲ್ಲಿ ಅಷ್ಟಾಗಿ ನಿಂತಿಲ್ಲ. ನೆನಪಿನಲ್ಲಿ ನಿಂತದ್ದು ನಮ್ಮೂರಿನ ಕಷ್ಟವನ್ನೇ ಬೇರೆ ರೀತಿಯಲ್ಲಿ ಬಗೆಹರಿಸಿಕೊಂಡವರು, ಇಲ್ಲವೇ ನಮ್ಮ ಹಾಗೆಯೇ ಅದರಲ್ಲಿ ಸಿಕ್ಕಿಕೊಂಡವರು.

ಓಮಾನಿನಲ್ಲಿ ನಿಜ್ವಾ ಎಂಬ ಹಳೆಯ ಊರಿದೆ. ಸುತ್ತ ಬೋಳು ಬೆಟ್ಟ, ಕಲ್ಲು, ಕಣ್ಣು ಕುಕ್ಕುವ ಬಿಸಿಲು. ಆ ಊರಿನ ನಡುವೆ ಖರ್ಜೂರದ ತೋಟಗಳ ಒಳಗೆ ಹಗಲೂ ರಾತ್ರಿ ಕಾಲುವೆ ಹರಿಯುತ್ತದೆ. ಕರೆಂಟಿಲ್ಲ, ಮೋಟರಿಲ್ಲ. ಬೆಟ್ಟದ ಬುಡದಲ್ಲಿ ಒಂದು ತಾಯಿಬಾವಿ. ಅಲ್ಲಿಂದ ನೆಲದೊಳಗೆ ಸ್ವಲ್ಪವೇ ಇಳಿಜಾರು ಕೊಟ್ಟು ಕೊರೆದ ಸುರಂಗ. ಹೂಳು ತೆಗೆಯಲು ನಡುನಡುವೆ ಗುಂಡಿಗಳು. ಊರು ಸೇರುವ ಹೊತ್ತಿಗೆ ನೀರು ತಾನಾಗಿಯೇ ನೆಲದ ಮೇಲೆ ಬರುತ್ತದೆ. ಇದಕ್ಕೆ ಫಲಜ್ ಎನ್ನುತ್ತಾರೆ. ಓಮಾನಿನಲ್ಲಿ ಇಂಥವು ಸುಮಾರು 3,000 ಇನ್ನೂ ಬಳಕೆಯಲ್ಲಿವೆ. ನಿಜ್ವಾದ ಫಲಜ್ ದಾರಿಸ್ ಸೇರಿ ಐದನ್ನು ಯುನೆಸ್ಕೋ 2006ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು.

ನನ್ನನ್ನು ಹಿಡಿದು ನಿಲ್ಲಿಸಿದ್ದು ಸುರಂಗಕ್ಕಿಂತ ಹೆಚ್ಚಾಗಿ ಹಂಚಿಕೆ. ನೀರು ಹೊರಬರುವ ಬಾಯಲ್ಲಿ ಕುಡಿಯುವ ನೀರು ತುಂಬಿಕೊಳ್ಳಬೇಕು. ಅದರ ಕೆಳಗೆ ಮಸೀದಿ, ಸ್ನಾನ. ಆಮೇಲೆ ಖರ್ಜೂರದ ಮರಗಳು. ಉಳಿದದ್ದು ಆ ವರ್ಷದ ಬೆಳೆಗೆ. ಮಳೆ ಕೈಕೊಟ್ಟ ವರ್ಷ ಬೆಳೆಯ ಹೊಲ ಬೀಳು ಬಿಡುತ್ತಾರೆ, ಮರ ಉಳಿಸಿಕೊಳ್ಳುತ್ತಾರೆ. ಹಗಲು ಕಂಬದ ನೆರಳು ನೋಡಿ, ರಾತ್ರಿ ನಕ್ಷತ್ರ ನೋಡಿ ಸರದಿ ಅಳೆಯುತ್ತಿದ್ದರು; ಈಗ ಬಹಳ ಕಡೆ ಕೈಗಡಿಯಾರ ಬಂದಿದೆ. ಹಂಚುವುದಕ್ಕೆ ಊರೇ ನೇಮಿಸಿದ ಒಬ್ಬನಿರುತ್ತಾನೆ. ಕೆಲವು ಸರದಿಗಳನ್ನು ಹರಾಜು ಹಾಕಿ, ಬಂದ ಹಣದಲ್ಲಿ ಕಾಲುವೆ ರಿಪೇರಿ ಮಾಡಿಸುತ್ತಾರೆ.

ಆ ಕಾಲುವೆಯ ದಂಡೆಯಲ್ಲಿ ಕೂತು ನಾನು ನಮ್ಮ ತಲಪರಿಗೆಗಳನ್ನು ನೆನೆದೆ. ಹಳ್ಳದ ಮರಳಿನಲ್ಲೋ ಕೆರೆಯ ಅಂಗಳದಲ್ಲೋ ಊಟೆ ಇರುವ ಕಡೆ ಗುಂಡಿ ತೆಗೆದು, ಅಲ್ಲಿಂದ ಕಾಲುವೆ ಕಡಿದು ಗದ್ದೆಗೆ ನೀರು ಬಿಟ್ಟುಕೊಂಡವರು ನಮ್ಮ ಹಿರಿಯರು. ವರ್ಷಕ್ಕೊಮ್ಮೆ ಅಚ್ಚುಕಟ್ಟಿನವರೆಲ್ಲ ಸೇರಿ ಹೂಳು ತೆಗೆಯುತ್ತಿದ್ದರು, ಗಂಗಮ್ಮನಿಗೆ ಪೂಜೆ ಮಾಡುತ್ತಿದ್ದರು, ಸರದಿ ಪ್ರಕಾರ ನೀರು ಹಾಯಿಸುತ್ತಿದ್ದರು. ಹೂಳೆತ್ತಲು ಬಾರದವನಿಗೆ ಸರದಿ ಕೇಳುವ ಬಾಯಿ ಇರುತ್ತಿರಲಿಲ್ಲ. ನಮ್ಮ ನಾಡಿನಲ್ಲೇ ಬೀದರಿನ ನೌಬಾದಿನಲ್ಲಿ ಬಹಮನಿಗಳ ಕಾಲದ ಕರೇಜ್ ಎಂಬ ಸುರಂಗ ಕಾಲುವೆ ಇದೆ, ಪಕ್ಕದ ಕೇರಳದ ಕಾಸರಗೋಡಿನ ಗುಡ್ಡಗಳಲ್ಲಿ ಎಷ್ಟೋ ಮನೆಗಳಿಗೆ ನೀರಿನ ಸುರಂಗ ಇದೆ. ನನಗೆ ಅವು ಮನಸ್ಸಿಗೆ ಹತ್ತಿದ್ದು ಓಮಾನಿನ ನೀರು ನೋಡಿದ ಮೇಲೆಯೇ. ಪ್ರವಾಸ ಕೊಡುವ ದೊಡ್ಡ ಲಾಭ ಇದೇ ಎಂದು ನಾನು ನಂಬಿದ್ದೇನೆ. ಆದರೆ ಮನೆಯ ನೀರನ್ನು ಒಮ್ಮೆಯಾದರೂ ಕಣ್ಣಾರೆ ಕಂಡಿದ್ದವರಿಗೆ ಮಾತ್ರ ಆ ಲಾಭ ಸಿಗುತ್ತದೆ. ತಲಪರಿಗೆಯನ್ನೇ ನೋಡದೆ ನಿಜ್ವಾಕ್ಕೆ ಹೋದವರು ಕಾಲುವೆಯ ಫೋಟೋ ತೆಗೆದುಕೊಂಡು ಬರುತ್ತಾರೆ.

ನಮ್ಮ ತಲಪರಿಗೆಗಳು ಏಕೆ ಬತ್ತಿದವು ಎಂದರೆ ಕಾರಣ ಎಲ್ಲರಿಗೂ ಗೊತ್ತು. ಬೋರು ಬಂತು, ಮರಳು ಲಾರಿ ಬಂತು. ಪಂಪಿನಿಂದಲೇ ಹೊಟ್ಟೆ ಹೊರೆದ ನಾನು ಪಂಪನ್ನು ಬೈಯುವುದಿಲ್ಲ. ಬೋರಿನ ಜೊತೆಗೆ ನೀರು ಒಬ್ಬೊಬ್ಬನದಾಯಿತು, ಸರದಿ ಎನ್ನುವುದೇ ಹೋಯಿತು. ನನಗೆ ನೋವಾಗುವುದು ಅಲ್ಲಿ. ಇನ್ನೂ ಆಳಕ್ಕೆ ಕೊರೆದವನಿಗೆ ಇನ್ನಷ್ಟು ದಿನ ನೀರು. ಆಳದಿಂದ ಬಂದ ಆ ನೀರಿನಲ್ಲಿ ಫ್ಲೋರೈಡು. ನಮ್ಮ ತಾಲ್ಲೂಕಿನ ಎಷ್ಟು ಜನರ ಹಲ್ಲು, ಮೂಳೆ ಹಾಳಾಗಿದೆ ಎಂದು ನಿನಗೆ ನಾನು ಹೇಳಬೇಕಾಗಿಲ್ಲ.

ಸರದಿಯನ್ನು ಉಳಿಸಿಕೊಂಡವರೂ ಇದ್ದಾರೆ. ಸ್ಪೇನಿನ ವಲೆನ್ಸಿಯಾಕ್ಕೆ ಹೋಗುವ ಅವಕಾಶ ಸಿಕ್ಕರೆ ಗುರುವಾರ ಮಧ್ಯಾಹ್ನ ಹನ್ನೆರಡಕ್ಕೆ ದೊಡ್ಡ ಚರ್ಚಿನ ಬಾಗಿಲಲ್ಲಿರು. ಎಂಟು ಕಾಲುವೆಗಳ ರೈತರು ಆರಿಸಿದ ಎಂಟು ಮಂದಿ ಕರಿ ನಿಲುವಂಗಿ ತೊಟ್ಟು ಬಂದು ಕೂರುತ್ತಾರೆ. ಒಂದೊಂದೇ ಕಾಲುವೆಯ ಹೆಸರು ಕೂಗಿ, ನೀರಿನ ದೂರು ಇದ್ದರೆ ಅಲ್ಲೇ ಬಾಯಿಮಾತಿನಲ್ಲಿ ತೀರ್ಮಾನ ಕೊಡುತ್ತಾರೆ. ವಕೀಲರಿಲ್ಲ. ದೂರಿಲ್ಲದಿದ್ದರೆ ಕೆಲವೇ ನಿಮಿಷದಲ್ಲಿ ಎದ್ದು ಹೋಗುತ್ತಾರೆ. ನೂರಾರು ವರ್ಷಗಳಿಂದ ನಡೆದು ಬಂದ ಪಂಚಾಯಿತಿ ಅದು.

ಇನ್ನು ಸೆನೆಗಲ್. ಈ ದೇಶದ ಬಗ್ಗೆ ನಿನಗೆ ಹೆಚ್ಚು ಹೇಳಬೇಕು, ಏಕೆಂದರೆ ನಮ್ಮವರು ಯಾರೂ ಅದರ ಹೆಸರೆತ್ತುವುದಿಲ್ಲ. ಆಫ್ರಿಕಾದ ಪಶ್ಚಿಮ ತುದಿ. ನಾನಿದ್ದದ್ದು ಕಾವ್ಲಾಕ್ ಎಂಬ ಪಟ್ಟಣದ ಸುತ್ತ. ಬಸ್ಸಿಳಿದ ದಿನವೇ ಗಾಳಿಯಲ್ಲಿ ಗಾಣದ ಮನೆಯ ವಾಸನೆ. ಮಂಡಿಯಲ್ಲಿ ಬೆಟ್ಟದ ಹಾಗೆ ರಾಶಿ ಹಾಕಿದ ಕಡಲೆಕಾಯಿ. ಕೆಂಪು ಮಿಶ್ರಿತ ಮರಳು ಮಣ್ಣು, ಮಳೆಗಾಗಿ ಮುಗಿಲು ನೋಡುವ ರೈತ, ಕಡಲೆಕಾಯಿ ಕಿತ್ತ ಹೊಲದಲ್ಲಿ ಮರುವರ್ಷ ಸಜ್ಜೆ. ನಮ್ಮ ಹೊಲವೇ ಎಂದು ಎದೆ ಜುಮ್ಮೆಂದಿತು. ಕಡಲೆಕಾಯಿ ನಮ್ಮದೂ ಅಲ್ಲ, ಅವರದೂ ಅಲ್ಲ. ದಕ್ಷಿಣ ಅಮೆರಿಕದ ಬೊಲಿವಿಯಾ, ಅರ್ಜೆಂಟೀನಾ ಸೀಮೆಯದು. ಯುರೋಪಿನವರ ಹಡಗುಗಳಲ್ಲಿ ಎರಡೂ ಖಂಡಗಳಿಗೆ ಬಂತು.

ಅಲ್ಲಿನ ಕಥೆ ಕೇಳು. ಹತ್ತೊಂಬತ್ತನೇ ಶತಮಾನದಲ್ಲಿ ಫ್ರೆಂಚರಿಗೆ ಎಣ್ಣೆ ಬೇಕಾಯಿತು. ಮಾರ್ಸೇಲ್ ಪಟ್ಟಣದ ಗಾಣಗಳಿಗೆ, ಸಾಬೂನಿನ ಕಾರ್ಖಾನೆಗಳಿಗೆ. 1885ರಲ್ಲಿ ಡಕಾರಿನಿಂದ ಸೇಂಟ್ ಲೂಯಿಗೆ ರೈಲು ಹಾಕಿದರು. ಕಡಲೆಕಾಯಿ ಹೊಲಗಳು ಹಳಿಯ ಗುಂಟ ಹಬ್ಬಿದವು. ತಿನ್ನುವ ಕಾಳು ಬೆಳೆಯುತ್ತಿದ್ದ ನೆಲ ಮಾರುವ ಕಾಯಿಗೆ ಹೋಯಿತು. ಹೊಟ್ಟೆಗೆ? ಅದಕ್ಕೆ ಫ್ರೆಂಚರು ತಮ್ಮದೇ ಆಳ್ವಿಕೆಯ ಇಂಡೋಚೈನಾದಿಂದ ನುಚ್ಚಕ್ಕಿ ತಂದು ಸುರಿದರು. ನಾಲಿಗೆಗೆ ಅದೇ ಹತ್ತಿತು. ಸ್ವಾತಂತ್ರ್ಯ 1960ರಲ್ಲಿ ಬಂದರೂ ಅಕ್ಕಿ ಹೊರಗಿನಿಂದ ಬರುವುದು ನಿಲ್ಲಲಿಲ್ಲ. ನಮ್ಮ ದೇಶದ ನುಚ್ಚಕ್ಕಿಯೂ ಹಡಗಿನಲ್ಲಿ ಅಲ್ಲಿಗೆ ಹೋಗುತ್ತಾ ಬಂದಿದೆ. ಅಲ್ಲಿನ ರೈತನೊಬ್ಬನ ಮನೆಯಲ್ಲಿ ಒಂದೇ ದೊಡ್ಡ ಬೋಗುಣಿಯ ಸುತ್ತ ಎಲ್ಲರ ಜೊತೆ ಕೂತು ಕಡಲೆಕಾಯಿ ಬೀಜದ ಸಾರು, ಅನ್ನ ಉಂಡೆ. ಮಾಫೆ ಎನ್ನುತ್ತಾರೆ. ಕಾಯಿ ಅವನ ಹೊಲದ್ದು, ಅಕ್ಕಿ ಸಮುದ್ರದಾಚೆಯದು. ನಮ್ಮಲ್ಲೂ ನವಣೆ, ಸಜ್ಜೆ ಹೋಗಿ ಹೊಲವೆಲ್ಲ ಕಡಲೆಕಾಯಿ ಆದದ್ದು, ಸೊಸೈಟಿ ಅಕ್ಕಿಗೆ ಚೀಲ ಹಿಡಿದು ನಿಂತದ್ದು ಆ ತುತ್ತಿನ ಜೊತೆಗೇ ಗಂಟಲಿಗೆ ಬಂತು. ಒಂದೇ ಬೆಳೆಗೆ ನೆಲವನ್ನೆಲ್ಲ ಒಪ್ಪಿಸಿದ ಊರು ಬೆಲೆಯನ್ನು ಬೇರೆಯವರ ಕೈಗೆ ಕೊಟ್ಟ ಹಾಗೆ. ಇದನ್ನು ನನಗೆ ಯಾವ ಪುಸ್ತಕವೂ ಅಷ್ಟು ಸ್ಪಷ್ಟವಾಗಿ ಕಲಿಸಿರಲಿಲ್ಲ.

ಅಲ್ಲಿನವರಿಂದ ಕಲಿತ ಇನ್ನೊಂದು ಮಾತು. ಅವರು ಕೆಲಸದ ಮಾತಿಗೆ ನೇರವಾಗಿ ಬರುವುದಿಲ್ಲ. ಮನೆ ಹೇಗಿದೆ, ತಾಯಿ ಹೇಗಿದ್ದಾರೆ, ಮಕ್ಕಳು, ನಿದ್ದೆ, ಎಲ್ಲ ವಿಚಾರಿಸಿಯೇ ಪಂಪಿನ ಮಾತು. ಮನೆಯಲ್ಲಿ ವೊಲೊಫ್, ಕಚೇರಿಯಲ್ಲಿ ಫ್ರೆಂಚ್, ಪ್ರಾರ್ಥನೆಗೆ ಅರಬ್ಬಿ. ಮನೆಯಲ್ಲಿ ತೆಲುಗು, ಶಾಲೆಯಲ್ಲಿ ಕನ್ನಡ ಆಡಿ ಬೆಳೆದ ಗಡಿಯವಳು ನೀನು. ಹೊಸ ಭಾಷೆ ಕೇಳಿ ಕುಗ್ಗಬೇಡ. ಎರಡು ಭಾಷೆಯ ನಡುವೆ ದಾಟುವುದು ನಿನಗೆ ಹುಟ್ಟಿನಿಂದ ಬಂದ ಅಭ್ಯಾಸ. ಡೇನಿಷ್ ನಾಲ್ಕು ಮಾತು ಮೊದಲ ತಿಂಗಳಲ್ಲೇ ಕಲಿ. ಅಂಗಡಿಯವರ ಜೊತೆ, ಬಸ್ಸಿನವರ ಜೊತೆ ಅವರ ಮಾತಿನಲ್ಲಿ ಮಾತಾಡು.

ಯಾವ ಊರು ಎಂದು ಯಾರಾದರೂ ಕೇಳಿದರೆ ಬೆಂಗಳೂರು ಎನ್ನಬೇಡ, ವಳ್ಳೂರು ಎನ್ನು. ಸೋಲಾರ್ ಕಲಿಸುವ ಮೇಷ್ಟ್ರುಗಳಲ್ಲಿ ಕೆಲವರಿಗಾದರೂ ಪಾವಗಡದ ಹೆಸರು ಗೊತ್ತಿರುತ್ತದೆ. ಬಳಸಮುದ್ರ, ತಿರುಮಣಿ, ಕ್ಯಾತಗಾನಚೆರ್ಲು, ರಾಯಚೆರ್ಲು, ನಮ್ಮ ವಳ್ಳೂರು, ಈ ಐದು ಊರುಗಳ 13,000 ಎಕರೆಯಲ್ಲಿ 2,050 ಮೆಗಾವ್ಯಾಟಿನ ಪ್ಲೇಟುಗಳಿವೆ ಎಂದು ಅವರು ಓದಿರುತ್ತಾರೆ. 2018ರ ಮಾರ್ಚಿನಲ್ಲಿ ಉದ್ಘಾಟನೆಯಾಗಿ 2019ರ ಕೊನೆಗೆ ಪೂರ್ತಿಯಾಯಿತು. ಜಗತ್ತಿನ ಅತಿ ದೊಡ್ಡ ಸೋಲಾರ್ ಪಾರ್ಕುಗಳಲ್ಲಿ ಒಂದು. ಫಿನ್‌ಲೆಂಡಿನ ಕಂಪನಿಯೂ ಇಲ್ಲಿಗೆ ಬಂದು ಪ್ಲೇಟು ಹಾಕಿತು. ಇಲ್ಲಿ ರೈತರಿಂದ ಭೂಮಿಯನ್ನು ಕೊಂಡುಕೊಳ್ಳಲಿಲ್ಲ. ಮೊದಲಿಗೆ ಎಕರೆಗೆ ವರ್ಷಕ್ಕೆ 21,000 ರೂಪಾಯಿ ಬಾಡಿಗೆ, ಆಮೇಲೆ ಎರಡು ವರ್ಷಕ್ಕೊಮ್ಮೆ ನೂರಕ್ಕೆ ಐದು ಹೆಚ್ಚಳ, 28 ವರ್ಷದ ಗುತ್ತಿಗೆ. ಇದು ಒಳ್ಳೆಯ ದಾರಿ ಎಂದು ನಾನು ಈಗಲೂ ಹೇಳುತ್ತೇನೆ. ಮಳೆ ನಂಬಿ ಬಿತ್ತಿ ಬೀಜದ ದುಡ್ಡೂ ಹುಟ್ಟದೆ ಬೆಂಗಳೂರಿಗೆ ಗುಳೆ ಹೋದವರನ್ನು ಕಂಡವನು ನಾನು. ಪಹಣಿಯಲ್ಲಿ ಹೆಸರು ಹಾಗೇ ಉಳಿಯಿತು, ವರ್ಷಕ್ಕೆ ನಿಶ್ಚಿತ ದುಡ್ಡು ಬಂತು.

ಆದರೆ ಭೂಮಿ ಇಲ್ಲದವರಿಗೆ ಬಾಡಿಗೆ ಬರಲಿಲ್ಲ. ಕಡಲೆಕಾಯಿ ಕೀಳುವ, ಬಿಡಿಸುವ ಕೂಲಿ ಹೋಯಿತು. ಕುರಿ ಮೇಯಿಸುವವನಿಗೆ ಬೇಲಿ ಎದುರಾಯಿತು. ಪ್ಲೇಟು ತೊಳೆಯುವ, ಹುಲ್ಲು ಕೀಳುವ, ಕಾವಲು ಕಾಯುವ ಕೆಲಸ ಕೆಲವರಿಗೆ ಸಿಕ್ಕಿತು, ಎಲ್ಲರಿಗೂ ಅಲ್ಲ. ಡೆನ್ಮಾರ್ಕಿನಲ್ಲಿ ಮೆಗಾವ್ಯಾಟಿನ ಲೆಕ್ಕ ಹೇಳುವಾಗ ಇವರ ಲೆಕ್ಕವನ್ನೂ ಹೇಳು. ನಾಚಿಕೆಪಡುವ ವಿಷಯ ಅಲ್ಲ. ಇದೂ ಸೇರಿದರೇ ನಮ್ಮೂರಿನ ಸುದ್ದಿ ಪೂರ್ತಿ.

ಡೆನ್ಮಾರ್ಕಿನ ಸಾಮ್ಸೊ ದ್ವೀಪಕ್ಕೆ ನಿನ್ನಣ್ಣ ನನ್ನನ್ನು ಕರೆದುಕೊಂಡು ಹೋಗಿದ್ದ. ನಿನ್ನ ಕಾಲೇಜಿಗೆ ಅದು ದೂರವಲ್ಲ, ಹಡಗಿನಲ್ಲಿ ದಾಟಬೇಕು. ಆಲೂಗಡ್ಡೆ ಬೆಳೆಯುವ ರೈತರ ಪುಟ್ಟ ದ್ವೀಪ, ಜನ ನಾಲ್ಕು ಸಾವಿರದ ಒಳಗೆ. 1997ರಲ್ಲಿ ಸರ್ಕಾರ ನಡೆಸಿದ ಸ್ಪರ್ಧೆಯಲ್ಲಿ ಗೆದ್ದು, ಸುಮಾರು ಹತ್ತು ವರ್ಷದಲ್ಲಿ ತಾವು ಬಳಸುವುದಕ್ಕಿಂತ ಹೆಚ್ಚು ಕರೆಂಟು ತಯಾರಿಸುವ ಹಂತಕ್ಕೆ ಬಂದರು. ನೆಲದ ಮೇಲೆ 11 ಗಾಳಿಯಂತ್ರ, ಸಮುದ್ರದಲ್ಲಿ 10. ಹೊಲದ ಹುಲ್ಲನ್ನು ಉರಿಸಿ ಬಿಸಿನೀರನ್ನು ಕೊಳವೆಯಲ್ಲಿ ಮನೆಗಳಿಗೆ ಕಳಿಸುತ್ತಾರೆ. ನಮ್ಮ 2,050 ಮೆಗಾವ್ಯಾಟಿನ ಮುಂದೆ ಇದು ಬಹಳ ಸಣ್ಣದು. ಆದರೆ ಆ ಯಂತ್ರಗಳಲ್ಲಿ ಕೆಲವು ರೈತರವೇ, ಕೆಲವು ಊರಿನವರು ಷೇರು ಹಾಕಿ ಕೊಂಡವು, ಕೆಲವು ಅವರ ಪುರಸಭೆಯವು. ಎಷ್ಟೋ ಸಭೆ ಸೇರಿ, ವಾದ ಮಾಡಿ, ಒಪ್ಪಿಸಿ ಮಾಡಿದ ಕೆಲಸ. ಯಂತ್ರ ತಿರುಗಿದರೆ ಅಲ್ಲಿನ ಅಜ್ಜಿಗೂ ಅದರಲ್ಲಿ ಒಂದು ಪಾಲು. ನನಗೆ ಅಲ್ಲಿ ನಿಜ್ವಾದ ಸರದಿಯೇ ಮತ್ತೆ ಕಂಡಿತು.

ಹೋಗುವ ಮುಂಚೆ ಗೊರೂರು ರಾಮಸ್ವಾಮಿ ಅಯ್ಯಂಗಾರರ ‘ಅಮೆರಿಕದಲ್ಲಿ ಗೊರೂರು’ ಓದು. 1980ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂದ ಪುಸ್ತಕ. ಹೇಮಾವತಿ ದಂಡೆಯ ಹಳ್ಳಿಯವರಾದ ಅವರು ಹಳ್ಳಿಯನ್ನು ಬಿಟ್ಟುಕೊಡದೆ ಅಮೆರಿಕ ನೋಡಿದ್ದಾರೆ. ಶಿವರಾಮ ಕಾರಂತರ ‘ಅಪೂರ್ವ ಪಶ್ಚಿಮ’ವೂ ಇರಲಿ. ಹೊರದೇಶ ಕಂಡ ತಕ್ಷಣ ತಮ್ಮೂರನ್ನು ಹಳಿಯುವವರನ್ನೂ, ಎಲ್ಲ ನಮ್ಮಲ್ಲೇ ಇತ್ತು ಎಂದು ಹೊರದೇಶವನ್ನು ನೋಡಲೊಲ್ಲದವರನ್ನೂ ನಾನು ಬಹಳ ನೋಡಿದ್ದೇನೆ. ಇಬ್ಬರೂ ಖಾಲಿ ಕೈಯಲ್ಲಿ ಬರುತ್ತಾರೆ.

ನಿನಗೆ ನಾನು ವಹಿಸುವ ಕೆಲಸ ಇದು. ಡೆನ್ಮಾರ್ಕಿನಲ್ಲಿ 2008ರಲ್ಲಿ ಒಂದು ಕಾನೂನು ಮಾಡಿದ್ದರು. ಹೊಸ ಗಾಳಿಯಂತ್ರ ಹಾಕುವವರು ಕನಿಷ್ಠ ನೂರಕ್ಕೆ ಇಪ್ಪತ್ತು ಪಾಲನ್ನು ಹತ್ತಿರದ ನಿವಾಸಿಗಳಿಗೆ ಕೊಳ್ಳಲು ಕೊಡಬೇಕು ಎಂದು. ಆಮೇಲೆ ಅದನ್ನು ಬದಲಾಯಿಸಿದರು. ಏಕೆ ಮಾಡಿದರು, ಏಕೆ ಬದಲಾಯಿಸಿದರು, ಬಡವರಿಗೆ ಪಾಲು ಕೊಳ್ಳಲು ಆಯಿತೋ ಇಲ್ಲವೋ, ಸಾಮ್ಸೊದ ರೈತರನ್ನೇ ಕೂತು ಕೇಳು. ಪ್ಲೇಟಿನ ಕೆಳಗೆ ಕುರಿ ಮೇಯಿಸುವ, ತರಕಾರಿ ಬೆಳೆಯುವ ಕಡೆ ಕರಾರು ಹೇಗೆ ಬರೆದುಕೊಂಡಿದ್ದಾರೆ ನೋಡು. ಕೂಲಿಯವನ ಪಾಲು ಯಾವ ಕಾಗದದಲ್ಲಿ ಬರೆಯಲು ಬರುತ್ತದೆ, ಅದನ್ನು ಹುಡುಕು.

ನಮ್ಮ ಗುತ್ತಿಗೆ 2040ರ ದಶಕದ ನಡುವಿನಲ್ಲಿ ಮುಗಿಯುತ್ತದೆ. ನಾನು ಇರುವುದಿಲ್ಲ. ನಿಮ್ಮಪ್ಪನಿಗೆ ಓಡಾಡುವ ಶಕ್ತಿ ಇರುವುದಿಲ್ಲ. ಮುಂದೇನು ಎಂದು ಕೇಳಲು ಅಧಿಕಾರಿಗಳು ಊರಿಗೆ ಬಂದ ದಿನ ಮಾತಾಡಬೇಕಾದವರು ನೀನು, ನಿನ್ನ ಓರಗೆಯವರು. ಕರಾರಿನ ಪ್ರತಿ ನಿಮ್ಮ ಮನೆಯ ಟ್ರಂಕಿನಲ್ಲಿ ಪಹಣಿಯ ಜೊತೆ ಇದೆ. ಹೊರಡುವ ಮುಂಚೆ ಒಂದೊಂದು ಪುಟವನ್ನೂ ಫೋಟೋ ತೆಗೆದುಕೊಂಡು ಹೋಗು. ಅರ್ಥವಾಗದ ಷರತ್ತುಗಳಿಗೆ ಗುರುತು ಹಾಕಿ ಮೊದಲ ಕಾಗದದಲ್ಲೇ ನನಗೆ ಬರೆ.

ಆಶೀರ್ವಾದಗಳೊಂದಿಗೆ,
ನಿನ್ನ ದೊಡ್ಡಪ್ಪ